ಉಣುಗು ಸಿಕ್ಕಿದ್ದು ಮಗನಿಗೆ, ಜ್ವರ ಬಂದದ್ದು ಅಪ್ಪನಿಗೆ: ಮಲೆನಾಡಿನ ಒಂದು ಪ್ರಕರಣ ಅಧ್ಯಯನ

ಆರೋಗ್ಯ ಕಾರ್ಯಕರ್ತರ ತರಬೇತಿಯಲ್ಲಿ ಚರ್ಚೆಗೆ ಇಡುವ ಬಗೆಯಲ್ಲಿ ಈ ಪ್ರಕರಣವನ್ನು ಕಟ್ಟಿದ್ದೇನೆ. ಮನೆಯೂ ಮನೆಯವರೂ ಕಲ್ಪಿತ. ಇದು ಯಾರ ಮನೆ ಎಂದು ಹುಡುಕಿಕೊಂಡು ಹೋಗಬೇಕಾಗಿಲ್ಲ. ಉಣುಗು (ಉಣ್ಣೆ), ಅದು ಹರಡುವ ಮಂಗನ ಕಾಯಿಲೆ (ಕ್ಯಾಸನೂರು ಕಾಡಿನ ಕಾಯಿಲೆ), ಔಷಧ, ಊರಿನ ಕೆಲಸದ ಕ್ರಮ ಇವು ಕಲ್ಪಿತವಲ್ಲ.

ಸನ್ನಿವೇಶ

ಸಾಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆ. ಫೆಬ್ರುವರಿ ಎರಡನೆಯ ವಾರ. ಕೊನೆಕೊಯ್ಲು ಮುಗಿದಿದೆ, ಅಡಿಕೆ ಸುಲಿದು ಬೇಯಿಸಿ ಒಣಗಿಸುವ ಗಡಿಬಿಡಿಯೂ ತಗ್ಗಿದೆ. ಮಳೆಗಾಲಕ್ಕೆ ಮೊದಲು ಆಗಲೇಬೇಕಾದ ದೊಡ್ಡ ಕೆಲಸ ಉಳಿದಿರುವುದು ಒಂದೇ: ದರಕು ತರುವುದು. ಸೊಪ್ಪಿನಬೆಟ್ಟದಲ್ಲಿ ಉದುರಿಬಿದ್ದ ಒಣ ಎಲೆಯನ್ನು ಗುಡಿಸಿ, ಹೆಡಿಗೆಗೆ ಒತ್ತಿ ತುಂಬಿ, ಹೊತ್ತು ತಂದು ಕೊಟ್ಟಿಗೆಯ ಪಕ್ಕ ರಾಶಿ ಹಾಕಬೇಕು. ಅದು ದನದ ಕಾಲಡಿ ಹಾಸಾಗಿ, ಗೊಬ್ಬರವಾಗಿ, ಕೊನೆಗೆ ತೋಟ ಸೇರುತ್ತದೆ.

ಮನೆಯಲ್ಲಿ ಇರುವವರು 61 ವರ್ಷದ ಯಜಮಾನರು ಮತ್ತು ಅವರ ಪತ್ನಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ 33 ವರ್ಷದ ಮಗ, ಕೂಲಿಗೆ ಜನ ಸಿಗುತ್ತಿಲ್ಲವೆಂದು ಅಮ್ಮ ಫೋನಿನಲ್ಲಿ ಹೇಳಿದ್ದಕ್ಕೆ, ಶನಿವಾರ ಬೆಳಿಗ್ಗೆ ಬಸ್ಸಿನಿಂದ ಇಳಿದಿದ್ದಾನೆ. ಹತ್ತು ದಿನಗಳ ಹಿಂದೆ ಪಕ್ಕದ ಮಜರೆಯ ಹತ್ತಿರ ಒಂದು ಮುಸಿಯ (ಕಪ್ಪು ಮೂತಿಯ ಮಂಗ) ಸತ್ತು ಬಿದ್ದಿತ್ತು. ಪಂಚಾಯಿತಿಯವರೂ ಆರೋಗ್ಯ ಇಲಾಖೆಯವರೂ ಬಂದು ಹೋಗಿದ್ದರು, ಆ ಜಾಗದ ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಎರಚಿದ್ದರು, ಆಶಾ ಕಾರ್ಯಕರ್ತೆ ಮನೆಮನೆಗೆ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯ ಬಾಟಲಿ ಕೊಟ್ಟಿದ್ದರು. ಈ ಮನೆಗೆ ಬಂದ ಬಾಟಲಿ ಜಗಲಿಯ ಗೂಡಿನಲ್ಲಿ, ಮುಚ್ಚಳ ತೆಗೆಯದೆ, ಪಂಚಾಂಗದ ಪಕ್ಕ ಇತ್ತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕಾದದ್ದು ಕಾಲವನ್ನು. ಮಂಗನ ಕಾಯಿಲೆಯನ್ನು ಹರಡುವ ಮುಖ್ಯ ಉಣುಗು ಹೀಮಾಫೈಸಾಲಿಸ್ ಸ್ಪಿನಿಜೆರಾ. ಅದರ ದೊಡ್ಡ ಉಣುಗುಗಳು ಮಳೆಗಾಲದಲ್ಲಿ ದನಗಳನ್ನು ಹಿಡಿಯುತ್ತವೆ, ರಕ್ತ ಕುಡಿದು ನೆಲಕ್ಕೆ ಬಿದ್ದು ಎಲೆಯಡಿಯಲ್ಲಿ ರಾಶಿಗಟ್ಟಲೆ ಮೊಟ್ಟೆ ಇಡುತ್ತವೆ. ಮಳೆ ಹಿಂದೆಗೆದ ಮೇಲೆ ಮರಿಗಳು ಹೊರಬಂದು ಇಲಿ, ಹಕ್ಕಿ, ಮಂಗ ಮುಂತಾದವುಗಳ ಮೇಲೆ ಮೊದಲ ಊಟ ಮುಗಿಸುತ್ತವೆ. ವೈರಸ್ ಇರುವ ಪ್ರಾಣಿಯಿಂದ ರಕ್ತ ಹೀರಿದ ಮರಿ, ಪೊರೆ ಕಳಚಿ ಮುಂದಿನ ಹಂತಕ್ಕೆ ಬಂದಾಗಲೂ ವೈರಸ್ಸನ್ನು ಒಳಗೇ ಇಟ್ಟುಕೊಂಡಿರುತ್ತದೆ. ಈ ಎರಡನೆಯ ಹಂತದ, ರಾಗಿ ಕಾಳಿನಷ್ಟೇ ಗಾತ್ರದ ಮರಿ ಉಣುಗುಗಳೇ ಮನುಷ್ಯನಿಗೆ ಹೆಚ್ಚು ಕಚ್ಚುವವು. ಅವುಗಳ ಹಾವಳಿ ಡಿಸೆಂಬರಿನಿಂದ ಮೇ ತನಕ. ದರಕು ಗುಡಿಸುವುದೂ ಕಟ್ಟಿಗೆ ತರುವುದೂ ಇದೇ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ದರಕು ಗುಡಿಸಲು ಬರುವುದಿಲ್ಲ. ಒಣಗಿದ ಎಲೆ ಬೇಕು, ಉಣುಗಿಗೂ ಅದೇ ಎಲೆ ಬೇಕು. ‘ಕಾಡಿಗೆ ಹೋಗಬೇಡಿ’ ಎಂಬ ಭಿತ್ತಿಪತ್ರ ಮಲೆನಾಡಿನಲ್ಲಿ ಯಾಕೆ ಗೋಡೆಯ ಮೇಲೆಯೇ ಉಳಿಯುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ತೋಟ ಬೇಕಾದವರು ಬೆಟ್ಟಕ್ಕೆ ಹೋಗುತ್ತಾರೆ.

ಬೆಟ್ಟದಲ್ಲಿ ಒಂದು ಬೆಳಗು

ಅಪ್ಪ ಉಟ್ಟದ್ದು ಮಂಡಿಯ ಮೇಲೆ ಕಟ್ಟಿದ ಪಂಚೆ, ತಲೆಗೆ ಹಾಳೆ ಟೋಪಿ, ಹೆಗಲಿಗೊಂದು ಟವಲು. ಮಗ ತೊಟ್ಟದ್ದು ಮಂಡಿ ಕಾಣುವ ಚಡ್ಡಿ ಮತ್ತು ಬನಿಯನ್, ಸೆಖೆ ಎಂದು. ಅಮ್ಮ ಬಾಟಲಿ ನೆನಪಿಸಿದಾಗ ಮಗ ಕೈಗಳಿಗೆ ಒಂದಿಷ್ಟು ಸವರಿಕೊಂಡ, ಕಾಲಿಗೆ ಹಚ್ಚಲಿಲ್ಲ. ಅಪ್ಪ ಅಷ್ಟನ್ನೂ ಮಾಡಲಿಲ್ಲ. “ನಲವತ್ತು ವರ್ಷದಿಂದ ಇದೇ ಬೆಟ್ಟ ಗುಡಿಸುತ್ತಿದ್ದೇನೆ, ನನಗೆ ಕಚ್ಚದ ಉಣುಗು ಈಗ ಯಾವುದು ಹುಟ್ಟಿದೆ?” ಎಂದರು.

ಉಣುಗು ಹಾರುವುದಿಲ್ಲ, ನೆಗೆಯುವುದಿಲ್ಲ, ಮರದ ಮೇಲಿಂದ ನೆತ್ತಿಗೆ ಉದುರುವುದೂ ಇಲ್ಲ. ಒಣ ಎಲೆಯ ಅಂಚಿನಲ್ಲೋ ಹುಲ್ಲಿನ ತುದಿಯಲ್ಲೋ ಮುಂಗಾಲು ಚಾಚಿ ಕಾಯುತ್ತದೆ. ಮುಂಗಾಲಿನಲ್ಲೇ ಇರುವ ಅಂಗವೊಂದು ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಯ ಬಿಸಿಯನ್ನೂ ಗುರುತಿಸುತ್ತದೆ. ತಾಗಿದ್ದನ್ನು ಹಿಡಿದುಕೊಂಡು, ಮೇಲಕ್ಕೆ ಹತ್ತಿ, ತೆಳುವಾದ ಚರ್ಮ ಹುಡುಕುತ್ತದೆ: ಮಂಡಿಯ ಹಿಂಬದಿ, ತೊಡೆಸಂದು, ಸೊಂಟದ ಸುತ್ತ, ಹೊಕ್ಕುಳು, ಕಂಕುಳು, ಕಿವಿಯ ಹಿಂದೆ, ಕೂದಲಿನ ಅಂಚು. ಅಂದರೆ ಅದಕ್ಕೆ ಸಿಗುವ ಮೊದಲ ಮೆಟ್ಟಿಲು ಪಾದ ಮತ್ತು ಕಾಲು. ಕಾಲು ಬಿಟ್ಟು ಕೈಗೆ ಎಣ್ಣೆ ಹಚ್ಚಿಕೊಳ್ಳುವುದರಿಂದ ಆಗುವ ಉಪಕಾರ ಸ್ವಲ್ಪವೇ.

ಹಾಗಾದರೆ ಆ ಬೆಳಗು ಏನು ತೊಡಬೇಕಿತ್ತು? ಉದ್ದ ತೋಳಿನ ಅಂಗಿ, ಪೂರ್ತಿ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ, ಮೇಲೊಂದು ಗಮ್‌ಬೂಟು. ತಿಳಿ ಬಣ್ಣದ ಬಟ್ಟೆಯಾದರೆ ಹರಿಯುವ ಉಣುಗು ಕಣ್ಣಿಗೆ ಬೀಳುತ್ತದೆ. ಕಾಲುಚೀಲದ ಅಂಚಿಗೆ, ಕಣಕಾಲಿಗೆ, ಕುತ್ತಿಗೆಗೆ, ಕೈಗೆ ಎಣ್ಣೆ. ಡೆಪಾ ಎಂಬುದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ವಿಕರ್ಷಕ. ಅದಕ್ಕೂ ಮೊದಲು ಹಲವು ವರ್ಷ ಹಂಚುತ್ತಿದ್ದದ್ದು ಡಿಎಂಪಿ ಎಣ್ಣೆ. ಯಾವುದೇ ಆಗಲಿ ಉಣುಗನ್ನು ದೂರ ಇಡುತ್ತದೆಯೇ ಹೊರತು ಕಚ್ಚಿ ಕೂತದ್ದನ್ನು ಬಿಡಿಸುವುದಿಲ್ಲ. ಬೆವರಿನ ಜೊತೆ ಇಳಿದೂ ಹೋಗುತ್ತದೆ, ಆದ್ದರಿಂದ ಕೆಲಸದ ನಡುವೆ ಮತ್ತೆ ಹಚ್ಚಿಕೊಳ್ಳಬೇಕು. ಫೆಬ್ರುವರಿಯ ಬಿಸಿಲಿನಲ್ಲಿ ಗಮ್‌ಬೂಟು ತೊಟ್ಟು ದರಕು ಗುಡಿಸುವುದು ಎಷ್ಟು ಹಿತ ಎಂದು ಕೇಳಿದರೆ, ಹಿತವಲ್ಲ. ಹೇಳುವವರು ಒಮ್ಮೆ ತೊಟ್ಟು ನೋಡಿದರೆ ಹೇಳುವ ದನಿ ಬದಲಾದೀತು. ಹಾಗಾಗಿ ಎಲ್ಲವೂ ಆಗದಿದ್ದರೆ ಕೆಳಗಿನಿಂದ ಮೇಲಕ್ಕೆ ಎಂಬ ಕ್ರಮವನ್ನಾದರೂ ಹಿಡಿಯಬೇಕು ಎನ್ನುವುದು ನನ್ನ ಅಭಿಪ್ರಾಯ: ಮೊದಲು ಪಾದ, ಆಮೇಲೆ ಕಾಲು, ಆಮೇಲೆ ಸೊಂಟ.

ಹತ್ತು ಗಂಟೆಯ ಹೊತ್ತಿಗೆ ಅಮ್ಮ ಅವಲಕ್ಕಿ, ಮಜ್ಜಿಗೆ ತಂದರು. ಮೂವರೂ ಮರದ ನೆರಳಿನಲ್ಲಿ, ಗುಡಿಸದೆ ಬಿಟ್ಟಿದ್ದ ಎಲೆಯ ಹಾಸಿನ ಮೇಲೆಯೇ ಕೂತರು. ಇಡೀ ದಿನದಲ್ಲಿ ಅಪಾಯ ಹೆಚ್ಚಿದ್ದ ಗಳಿಗೆ ಇದೇ ಇರಬೇಕು. ನಡೆಯುವಾಗ ಉಣುಗಿಗೆ ಸಿಗುವುದು ಪಾದ. ಕೂತಾಗ ತೊಡೆ, ಸೊಂಟ, ಬೆನ್ನು ಎಲ್ಲವೂ ಅದರ ಎತ್ತರಕ್ಕೆ ಇಳಿದಿರುತ್ತವೆ, ಅದೂ ಕಾಲು ಗಂಟೆ ಅಲುಗದೆ. ಬಂಡೆಯೋ ಗುಡಿಸಿದ ಬರಿನೆಲವೋ ಹತ್ತು ಹೆಜ್ಜೆ ದೂರದಲ್ಲಿ ಇದ್ದೇ ಇರುತ್ತದೆ. ಚಾರಣಕ್ಕೆ ಬರುವವರಿಗೂ ಈ ಮಾತು ಅಷ್ಟೇ ಅನ್ವಯ. ಕಾಲುದಾರಿಯ ನಡುವೆ ನಡೆದವರಿಗಿಂತ, ಫೋಟೊಗಾಗಿ ಪೊದೆಯ ಒಳಗೆ ನುಗ್ಗಿದವರಿಗೂ ಎಲೆಯ ಮೇಲೆ ಮಲಗಿ ದಣಿವಾರಿಸಿಕೊಂಡವರಿಗೂ ಉಣುಗು ಹತ್ತುವ ಸಂಭವ ಹೆಚ್ಚು.

ಮಧ್ಯಾಹ್ನ ಮನೆಗೆ ಬಂದವರೇ ಅಪ್ಪ ಟವಲು ಕೊಡವಿ, ಕೈಕಾಲು ತೊಳೆದು, ಉಂಡು, ಅದೇ ಪಂಚೆಯಲ್ಲಿ ಜಗಲಿಯ ಮೇಲೆ ಒರಗಿದರು. ಮಗನೂ ಸ್ನಾನವನ್ನು ಸಂಜೆಗೆ ಮುಂದೂಡಿದ. ಹಿತ್ತಿಲ ಬಚ್ಚಲಲ್ಲಿ ಹಂಡೆಯ ನೀರು ಕಾದೇ ಇತ್ತು.

ಚಿಮುಟ ಮತ್ತು ಸೀಮೆಎಣ್ಣೆ

ರಾತ್ರಿ ಒಂಬತ್ತರ ಸುಮಾರಿಗೆ ಮಗನ ಬಲಮಂಡಿಯ ಹಿಂದೆ ನವೆ. ಕೈಯಾಡಿಸಿದರೆ ಒಂದು ಚುಕ್ಕೆ. ಉಗುರಿನಿಂದ ಕೆರೆದರೂ ಬರಲಿಲ್ಲ. ಮೊಬೈಲಿನ ಬೆಳಕು ಹಿಡಿದಾಗ ಚುಕ್ಕೆಗೆ ಕಾಲುಗಳಿದ್ದವು.

ಮನೆಯಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಅಮ್ಮ ಸೀಮೆಎಣ್ಣೆ ತಂದರು. ಪಕ್ಕದ ಮನೆಯ ಅಜ್ಜಿ ಹೊಗೆಸೊಪ್ಪು, ಸುಣ್ಣ ತಿಕ್ಕಿ ಹಚ್ಚು ಎಂದರು. ಅಪ್ಪ, ಊದುಬತ್ತಿಯ ಕೆಂಡ ತಾಗಿಸಿದರೆ ತಾನೇ ಬಿಡುತ್ತದೆ ಎಂದರು. ಈ ಮೂರೂ ಉಪಾಯಗಳ ಹಿಂದಿರುವ ಎಣಿಕೆ ಒಂದೇ: ಉಣುಗಿಗೆ ಹಿಂಸೆ ಕೊಟ್ಟರೆ ಅದು ಕಚ್ಚು ಬಿಟ್ಟು ಓಡುತ್ತದೆ. ಆದರೆ ಉಣುಗು ಬಾಯಿಯನ್ನು ಚರ್ಮದೊಳಗೆ ಇಳಿಸಿ, ಸುತ್ತ ಅಂಟಿನಂಥ ದ್ರವ ಸುರಿಸಿ ಗಟ್ಟಿ ಮಾಡಿಕೊಂಡು ಕೂತಿರುತ್ತದೆ. ಅದಕ್ಕೆ ಅವಸರದಲ್ಲಿ ಬಿಡಲು ಬರುವುದಿಲ್ಲ. ಕೆರಳಿದರೆ ಜೊಲ್ಲನ್ನೂ ಹೊಟ್ಟೆಯಲ್ಲಿದ್ದದ್ದನ್ನೂ ಗಾಯಕ್ಕೆ ಇನ್ನಷ್ಟು ಕಕ್ಕುವ ಅಪಾಯವಿದೆ. ಕೆಂಡದಿಂದ ಚರ್ಮ ಸುಡುವುದಂತೂ ಖಚಿತ. ಉಗುರು ಬಣ್ಣ, ವ್ಯಾಸಲೀನ್ ಬಳಿದು ಉಸಿರು ಕಟ್ಟಿಸುವ ಪಟ್ಟಣದ ಉಪಾಯವೂ ಇದೇ ಜಾತಿಯದು. ಉಣುಗು ಗಂಟೆಗಟ್ಟಲೆ ಉಸಿರಿಲ್ಲದೆ ಇರಬಲ್ಲದು, ಅಷ್ಟು ಹೊತ್ತೂ ಅದು ಕಚ್ಚಿಕೊಂಡೇ ಇರುತ್ತದೆ.

ಮಗ ಅಮ್ಮನಿಂದ ಹುಬ್ಬು ಕೀಳುವ ಚಿಮುಟ ಕೇಳಿ ತೆಗೆದುಕೊಂಡ. ತುದಿ ಚೂಪಾಗಿತ್ತು, ಅದು ಮುಖ್ಯ. ಮೊಂಡು ತುದಿಯ ಚಿಮುಟ ಹೊಟ್ಟೆಯನ್ನು ಹಿಡಿಯುತ್ತದೆ, ಹೊಟ್ಟೆ ಹಿಸುಕಿದರೆ ಒಳಗಿನದು ಗಾಯಕ್ಕೆ ಹೋಗುತ್ತದೆ. ಚರ್ಮಕ್ಕೆ ತೀರ ಒತ್ತಿ, ಉಣುಗಿನ ತಲೆಯ ಬಳಿ ಹಿಡಿದು, ನೇರ ಮೇಲಕ್ಕೆ, ಒಂದೇ ಸಮನಾದ ಬಲದಿಂದ ಎಳೆಯಬೇಕು. ತಿರುಚಬಾರದು, ಜಗ್ಗಬಾರದು. ಚರ್ಮ ಗುಡಾರದಂತೆ ಮೇಲೆದ್ದು ಕೆಲವು ಕ್ಷಣ ನಿಲ್ಲುತ್ತದೆ, ಆಗ ಕೈ ಬಿಡದೆ ಹಾಗೆಯೇ ಹಿಡಿದಿದ್ದರೆ ಕಚ್ಚು ಸಡಿಲುತ್ತದೆ. ಹೀಮಾಫೈಸಾಲಿಸ್ ಗುಂಪಿನ ಉಣುಗುಗಳ ಬಾಯಿ ಗಿಡ್ಡ, ಆದ್ದರಿಂದ ಸಾಮಾನ್ಯವಾಗಿ ಇಡಿಯಾಗಿಯೇ ಬರುತ್ತವೆ. ಬಾಯಿಯ ಚೂರು ಒಳಗೆ ಉಳಿದರೂ ಸೂಜಿ ಹಾಕಿ ಕೆದಕುವ ಅಗತ್ಯವಿಲ್ಲ. ಮುರಿದ ಮುಳ್ಳನ್ನು ಚರ್ಮ ಹೊರಹಾಕುವ ಹಾಗೆ ಅದನ್ನೂ ಹಾಕುತ್ತದೆ. ಚಿಮುಟ ಇಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬೆರಳಿನಿಂದಲೇ ತೆಗೆಯಬಹುದು. ಚಿಮುಟ ಹುಡುಕುತ್ತ ಬೆಳಗಿನ ತನಕ ಕಾಯುವುದಕ್ಕಿಂತ ಅದು ಎಷ್ಟೋ ಮೇಲು.

ಕಿತ್ತ ಉಣುಗನ್ನು ಅಮ್ಮ ಹೆಬ್ಬೆರಳ ಉಗುರುಗಳ ನಡುವೆ ಇಟ್ಟು ಹಿಸುಕಲು ಹೊರಟಿದ್ದರು. ದನದ ಉಣುಗನ್ನು ಹಾಗೆಯೇ ಕೊಲ್ಲುವುದು ರೂಢಿ. ಉಗುರುಸಂದಿಯಲ್ಲಿ ಸಣ್ಣ ಗಾಯ ಯಾರಿಗೂ ಇರುತ್ತದೆ, ಒಡೆದ ಉಣುಗಿನ ರಸ ಅದರೊಳಗೆ ಸೇರುವುದು ಕಚ್ಚಿಸಿಕೊಂಡಷ್ಟೇ ಕೆಟ್ಟದ್ದು. ಮಗ ತಡೆದು, ಅದನ್ನು ಸೆಲೊಟೇಪಿಗೆ ಅಂಟಿಸಿ, ಹಾಳೆಯ ಮೇಲೆ ಹಚ್ಚಿ, ತಾರೀಕು ಬರೆದ. ಗಾಯವನ್ನೂ ಕೈಯನ್ನೂ ಸೋಪಿನಿಂದ ತೊಳೆದು ಸ್ಪಿರಿಟ್ ಹಚ್ಚಿದ. ಕೀಳುವ ಕೆಲಸ ಇಷ್ಟೇ. ಆ ರಾತ್ರಿ ಮನೆಯಲ್ಲಿ ಸರಿಯಾಗಿ ನಡೆದದ್ದೂ ಇಷ್ಟೇ.

ನ್ಯೂಜೆರ್ಸಿಯಿಂದ ಬಂದ ಭರವಸೆ

ಫೋಟೊ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹೋಯಿತು. ನ್ಯೂಜೆರ್ಸಿಯಲ್ಲಿರುವ ಅಕ್ಕ ತಕ್ಷಣ ಉತ್ತರಿಸಿದಳು: “ಇಪ್ಪತ್ತನಾಲ್ಕು ಗಂಟೆಯ ಒಳಗೆ ತೆಗೆದರೆ ಏನೂ ಆಗುವುದಿಲ್ಲ. ನಮ್ಮ ಹಿತ್ತಿಲಿನಲ್ಲಿ ಮಕ್ಕಳಿಗೆ ಎಷ್ಟು ಸಲ ಕಚ್ಚಿದೆ. ಬೇಕಾದರೆ ಒಂದು ಡಾಕ್ಸಿಸೈಕ್ಲಿನ್ ತೆಗೆದುಕೋ.” ಮನೆಮಂದಿಗೆ ನಿಟ್ಟುಸಿರು.

ಈ ಪ್ರಕರಣದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಇಲ್ಲಿದೆ. ಅಕ್ಕ ಹೇಳಿದ್ದು ಸುಳ್ಳಲ್ಲ, ಅವಳ ಹಿತ್ತಿಲಿಗೆ ಬಹುಮಟ್ಟಿಗೆ ಸರಿ. ಅಲ್ಲಿನ ಮುಖ್ಯ ಭಯ ಲೈಮ್ ಕಾಯಿಲೆ. ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಹೆಸರೇ ಅದಕ್ಕೆ ಬಂದಿದೆ. ಅದನ್ನು ತರುವುದು ಬ್ಯಾಕ್ಟೀರಿಯಾ. ಅದು ಉಣುಗಿನ ಹೊಟ್ಟೆಯಲ್ಲಿರುತ್ತದೆ, ರಕ್ತ ಬರತೊಡಗಿದ ಮೇಲೆ ಎಚ್ಚೆತ್ತು ಜೊಲ್ಲಿನ ಗ್ರಂಥಿಗೆ ತಲುಪಲು ಸಾಮಾನ್ಯವಾಗಿ ಒಂದು ದಿನಕ್ಕೂ ಹೆಚ್ಚು ಬೇಕು. ಹಾಗಾಗಿ ಅಲ್ಲಿ ಬೇಗ ಕಿತ್ತರೆ ಪಾರು. ಬ್ಯಾಕ್ಟೀರಿಯಾ ಆದ್ದರಿಂದ ಡಾಕ್ಸಿಸೈಕ್ಲಿನ್ ಕೂಡ ಕೆಲಸ ಮಾಡುತ್ತದೆ.

ಸಾಗರದ ಬೆಟ್ಟದಲ್ಲಿರುವುದು ವೈರಸ್. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಊರುಗಳಲ್ಲಿ ಜ್ವರ ಹಬ್ಬಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತಿತರರು ಬಂದರು. ಮಂಗಗಳ ಸಾವು ಕಂಡು ಮೊದಲಿಗೆ ಹಳದಿ ಜ್ವರ ಭಾರತಕ್ಕೆ ಬಂದಿತೇ ಎಂಬ ದಿಗಿಲು. ಸಿಕ್ಕಿದ ವೈರಸ್ ಆದರೆ ರಷ್ಯಾದಲ್ಲಿ ಉಣುಗಿನಿಂದ ಬರುವ ಮಿದುಳಿನ ಉರಿಯೂತದ ವೈರಸ್ಸಿಗೆ ಸಂಬಂಧಿ. ಈ ಬಳಗದ ವೈರಸ್‌ಗಳು ಉಣುಗಿನ ಜೊಲ್ಲಿನಲ್ಲೇ ಇರಬಲ್ಲವು. ಅಮೆರಿಕದಲ್ಲೇ ಇರುವ ಇದೇ ಬಳಗದ ಪೊವಾಸನ್ ವೈರಸ್, ಇಲಿಗಳ ಮೇಲಿನ ಪ್ರಯೋಗದಲ್ಲಿ, ಉಣುಗು ಕಚ್ಚಿದ ಹದಿನೈದು ನಿಮಿಷದಲ್ಲಿ ದಾಟಿತ್ತು. ಇಪ್ಪತ್ತನಾಲ್ಕು ಗಂಟೆಯ ಭರವಸೆಯನ್ನು ಮಂಗನ ಕಾಯಿಲೆಗೆ ಹಚ್ಚುವಂತಿಲ್ಲ. ಡಾಕ್ಸಿಸೈಕ್ಲಿನ್ ವೈರಸ್ಸನ್ನು ಮುಟ್ಟುವುದಿಲ್ಲ. ನಮ್ಮಲ್ಲೂ ಉಣುಗಿನಿಂದ ಬರುವ ಟೈಫಸ್ ಜ್ವರವಿದೆ, ಅದಕ್ಕೆ ಆ ಮಾತ್ರೆ ಮದ್ದು. ಆದರೆ ಅದನ್ನು ವೈದ್ಯರು ನೋಡಿ ಕೊಡಬೇಕು, ಅಕ್ಕ ಅಲ್ಲ.

ಹಾಗೆಂದು ಕೀಳುವುದರಲ್ಲಿ ಅರ್ಥವಿಲ್ಲ ಎಂದಲ್ಲ. ಬೇಗ ಕಿತ್ತಷ್ಟೂ ಒಳಗೆ ಹೋಗುವ ಜೊಲ್ಲು ಕಡಿಮೆ. ಆದರೆ ಮಲೆನಾಡಿನಲ್ಲಿ ಕೀಳುವುದು ಎರಡನೆಯ ಸಾಲಿನ ಕಾವಲು. ಮೊದಲ ಸಾಲು ಕಚ್ಚದಂತೆ ನೋಡಿಕೊಳ್ಳುವುದು. ಮೂರನೆಯದು ಕಿತ್ತ ಮೇಲೂ ದಿನ ಎಣಿಸುವುದು. ಇಂಟರ್ನೆಟ್ಟಿನಲ್ಲಿ ಓದಲು ಸಿಗುವ ಬರಹಗಳಲ್ಲಿ ಹೆಚ್ಚಿನವು ಲೈಮ್ ಇರುವ ದೇಶಗಳಿಂದ ಬಂದವು, ಆದ್ದರಿಂದ ಅವು ಸಹಜವಾಗಿಯೇ ಎರಡನೆಯದಕ್ಕೆ ಒತ್ತು ಕೊಡುತ್ತವೆ. ಅದನ್ನು ಓದಿದವನು ಉಣುಗು ಕಿತ್ತ ಮೇಲೆ ಕೈ ತೊಳೆದುಕೊಂಡು ನಿದ್ದೆ ಮಾಡುತ್ತಾನೆ.

ಲಸಿಕೆ ಇಲ್ಲವೇ ಎಂದು ಕೇಳುವವರಿಗೆ: ಇತ್ತು. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ತಯಾರಿಸುತ್ತಿದ್ದ ಲಸಿಕೆಯನ್ನು ದಶಕಗಳ ಕಾಲ ಕೊಡಲಾಯಿತು. 2005ರಿಂದ 2010ರ ಅವಧಿಯನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಎರಡು ಡೋಸಿನ ಪರಿಣಾಮ ಶೇ 62ರ ಆಸುಪಾಸು, ಬೂಸ್ಟರ್ ಸೇರಿದರೆ ಶೇ 83ರ ಸುಮಾರು ಇತ್ತು. ಒಂದೇ ಡೋಸಿನಿಂದ ರಕ್ಷಣೆ ಕಾಣಲಿಲ್ಲ. 2022ರ ನಂತರ ಆ ಲಸಿಕೆ ನಿಂತಿದೆ, ಹೊಸದರ ಕೆಲಸದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತೊಡಗಿದೆ. ಈ ಮನೆಯವರ ಮಟ್ಟಿಗೆ ಇದ್ದದ್ದು ಎಣ್ಣೆ, ಬಟ್ಟೆ, ಬಿಸಿನೀರು.

ಆಶಾ ಕಾರ್ಯಕರ್ತೆ ಕೇಳಿದ ಪ್ರಶ್ನೆ

ಭಾನುವಾರ ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಂದರು. ಮಗ ಸೆಲೊಟೇಪಿನ ಹಾಳೆ ತೋರಿಸಿದ. ಅವರು ಅದನ್ನು ನೋಡಿ ಪಕ್ಕಕ್ಕಿಟ್ಟು ಕೇಳಿದ್ದು ಬೇರೆ: “ಬೆಟ್ಟಕ್ಕೆ ಹೋದವರು ಯಾರ್‍ಯಾರು?”

“ನಾನು, ಅಪ್ಪಯ್ಯ. ಅಮ್ಮ ತಿಂಡಿ ತಂದಿದ್ದರು. ಆದರೆ ಉಣುಗು ಸಿಕ್ಕಿದ್ದು ನನಗೆ ಮಾತ್ರ ಅಕ್ಕಾ.”

“ಸಿಕ್ಕಿದ್ದು ನಿಮಗೆ. ಕಚ್ಚಿದ್ದು ಯಾರಿಗೆ ಎಂದು ಹೇಗೆ ಗೊತ್ತು?” ಎಂದು ಮೂವರ ಹೆಸರೂ ಬರೆದುಕೊಂಡರು. ಎರಡು ವಾರದ ಒಳಗೆ ಯಾರಿಗೆ ಜ್ವರ ಬಂದರೂ ಅದೇ ದಿನ ತಿಳಿಸಬೇಕು, ಬೆಂಗಳೂರಿನಲ್ಲಿದ್ದರೆ ವೈದ್ಯರಿಗೆ ಮೊದಲ ಮಾತಿಗೇ ‘ಸಾಗರದ ಬೆಟ್ಟಕ್ಕೆ ಹೋಗಿದ್ದೆ, ಉಣುಗು ಕಚ್ಚಿದೆ’ ಎಂದು ಹೇಳಬೇಕು ಎಂದರು. ಬೆಂಗಳೂರಿನ ಚಿಕಿತ್ಸಾಲಯದಲ್ಲಿ ಜ್ವರ ಎಂದರೆ ಡೆಂಗಿಯ ನೆನಪಾಗುತ್ತದೆ, ಕ್ಯಾಸನೂರಿನದಲ್ಲ. ಈ ಒಂದು ವಾಕ್ಯ ಹೇಳದೆ ಹೋದರೆ ಸರಿಯಾದ ಪರೀಕ್ಷೆಗೆ ರಕ್ತ ಹೋಗುವುದು ತಡವಾಗುತ್ತದೆ.

ಆಶಾ ಕಾರ್ಯಕರ್ತೆಯ ಆ ಪ್ರಶ್ನೆ ಇಡೀ ಪ್ರಕರಣದ ಕೀಲಿ. ಮರಿ ಉಣುಗು ಎಷ್ಟು ಸಣ್ಣದೆಂದರೆ ಅದು ಕಚ್ಚಿ, ಕುಡಿದು, ಉದುರಿ ಹೋದರೂ ಅರಿವಿಗೆ ಬಾರದೆ ಹೋಗಬಹುದು. ಕೆರೆದುಕೊಂಡಾಗ ಉಗುರಿಗೆ ಸಿಕ್ಕಿ ಹೋಗಿರಲೂಬಹುದು. ಕಣ್ಣಿಗೆ ಕಂಡ ಉಣುಗನ್ನು ಲೆಕ್ಕದ ಆರಂಭ ಮಾಡಿಕೊಂಡರೆ ಕಾಣದೆ ಕಚ್ಚಿಸಿಕೊಂಡವರು ಲೆಕ್ಕದಿಂದಲೇ ಹೊರಗುಳಿಯುತ್ತಾರೆ. ಬೆಟ್ಟಕ್ಕೆ ಹೋದ ದಿನದಿಂದಲೇ ದಿನ ಎಣಿಸಬೇಕು.

ಆರನೆಯ ದಿನ

ಮಗ ಭಾನುವಾರ ರಾತ್ರಿಯ ಬಸ್ಸಿಗೆ ಹೋದ. ಮಂಡಿಯ ಹಿಂದೆ ಸಣ್ಣ ಗಂಟು, ಒಂದು ವಾರ ನವೆ, ಬೇರೇನೂ ಇಲ್ಲ. ಕಚ್ಚಿದ ಪ್ರತಿ ಉಣುಗಿನಲ್ಲೂ ವೈರಸ್ ಇರುವುದಿಲ್ಲ.

ಶುಕ್ರವಾರ ಸಂಜೆ ಅಪ್ಪನಿಗೆ ಇದ್ದಕ್ಕಿದ್ದಂತೆ ಚಳಿಯೊಡನೆ ಜ್ವರ ಏರಿತು. ಹಣೆ ಸಿಡಿಯುವಂಥ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ಹಿಂಡಿದಂಥ ನೋವು, ಕಣ್ಣು ಕೆಂಪು. ದರಕು ಹೊತ್ತ ಮೈಕೈ ನೋವು ಎಂದು ಅವರ ವಾದ. ಹೊತ್ತು ಆರು ದಿನವಾಗಿತ್ತು. ಹೊತ್ತ ನೋವು ಆರನೆಯ ದಿನ ಶುರುವಾಗುವುದಿಲ್ಲ. ಅಡಿಕೆ ಕೊಯ್ಲಿನ ಸಮಯದಲ್ಲಿ ತಂದಿಟ್ಟಿದ್ದ ನೋವಿನ ಮಾತ್ರೆ ಒಂದು ನುಂಗಿದರು. ಇದು ಬೇಡವಾಗಿತ್ತು. ಮಂಗನ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಮೂಗು, ವಸಡು, ಕರುಳಿನಲ್ಲಿ ರಕ್ತ ಸೋರುವ ಸಂಭವವಿದೆ; ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಆ ಅಪಾಯವನ್ನು ಹೆಚ್ಚಿಸುತ್ತವೆ. ವೈದ್ಯರನ್ನು ಕಾಣುವ ತನಕ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಸಾಕು.

ಅಮ್ಮ ಯಜಮಾನರ ವಾದಕ್ಕೆ ಕಿವಿಗೊಡದೆ ಆಶಾ ಕಾರ್ಯಕರ್ತೆಗೆ ಅದೇ ರಾತ್ರಿ ಫೋನ್ ಮಾಡಿದರು. ಶನಿವಾರ ಬೆಳಿಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತೆಗೆದರು. ಬಿಳಿ ರಕ್ತಕಣವೂ ಪ್ಲೇಟ್‌ಲೆಟ್ಟೂ ಕಡಿಮೆ. ಶಿವಮೊಗ್ಗದ ಪ್ರಯೋಗಾಲಯಕ್ಕೆ ಹೋದ ಮಾದರಿ ಆರ್‌ಟಿ-ಪಿಸಿಆರ್‌ನಲ್ಲಿ ಪಾಸಿಟಿವ್ ಬಂದಿತು. ಜ್ವರದ ಮೊದಲ ದಿನಗಳಲ್ಲಿ ವೈರಸ್ ರಕ್ತದಲ್ಲೇ ಇರುವುದರಿಂದ ಈ ಪರೀಕ್ಷೆ ಹಿಡಿಯುತ್ತದೆ. ತಡವಾದರೆ ಪ್ರತಿಕಾಯ ನೋಡುವ ಎಲೈಸಾ ಪರೀಕ್ಷೆ ಬೇಕಾಗುತ್ತದೆ.

ಮೈಯಲ್ಲಿ ಉಣುಗು ಹುಡುಕಿದರು, ಸಿಗಲಿಲ್ಲ. ಉಡಿದಾರದ ಕೆಳಗೆ ಕೆರೆದ ಸಣ್ಣ ಗಾಯವೊಂದು ಇತ್ತು. ಅದೇ ಕಚ್ಚಿದ ಜಾಗ ಎಂದು ಆಣೆ ಮಾಡಲು ಬರುವುದಿಲ್ಲ. ಆದರೆ ಎಲೆಯ ಮೇಲೆ ಕೂತದ್ದು, ಅದೇ ಪಂಚೆಯಲ್ಲಿ ಮಧ್ಯಾಹ್ನವಿಡೀ ಮಲಗಿದ್ದು, ಉಡಿದಾರದ ಅಡಿಯ ಬಿಗಿಯಾದ ಬೆಚ್ಚನೆಯ ಜಾಗ, ಇವು ಮೂರೂ ಒಂದರ ಪಕ್ಕ ಒಂದು ಕೂರುತ್ತವೆ. ಬೆಟ್ಟದಿಂದ ಬಂದವರು ಜಗಲಿ ಹತ್ತದೆ ನೇರ ಹಿತ್ತಿಲ ಬಚ್ಚಲಿಗೆ ಹೋಗಿ, ಉಟ್ಟದ್ದನ್ನು ಅಲ್ಲೇ ಕುದಿಯುವ ನೀರಿಗೆ ಹಾಕಿ, ಸೋಪು ಹಚ್ಚಿ ಮೈ ಉಜ್ಜಿ ಮಿಂದು, ಮೇಲೆ ಹೇಳಿದ ಜಾಗಗಳನ್ನೆಲ್ಲ ಕೈಯಿಂದಲೂ ಕನ್ನಡಿಯಿಂದಲೂ ನೋಡಿಕೊಂಡಿದ್ದರೆ ಆ ಉಣುಗು ಇನ್ನೂ ಜಾಗ ಹುಡುಕುತ್ತಿರುವಾಗಲೇ ಸಿಗುವ ಸಾಧ್ಯತೆ ಇತ್ತು. ಅಮೆರಿಕದಲ್ಲಿ ಬಟ್ಟೆಯನ್ನು ಬಿಸಿಗಾಳಿಯ ಯಂತ್ರದಲ್ಲಿ ಹತ್ತು ನಿಮಿಷ ತಿರುಗಿಸಿ ಎನ್ನುತ್ತಾರೆ. ಮಲೆನಾಡಿನವರಿಗೆ ಯಂತ್ರ ಬೇಕಿಲ್ಲ. ಹಂಡೆ ಇದೆ, ಒಲೆಯಲ್ಲಿ ಬೆಂಕಿ ಇದೆ. ಬೆನ್ನಿನ ಭಾಗವನ್ನು ಇನ್ನೊಬ್ಬರು ನೋಡಬೇಕು ಎಂಬುದೊಂದೇ ಇಲ್ಲಿನ ಸಂಕೋಚ.

ಆಸ್ಪತ್ರೆಯಲ್ಲಿ ಈ ವೈರಸ್ಸಿಗೆಂದೇ ಇರುವ ಔಷಧವಿಲ್ಲ. ದ್ರವ ಕೊಡುವುದು, ಜ್ವರ ಇಳಿಸುವುದು, ಪ್ಲೇಟ್‌ಲೆಟ್ ಮತ್ತು ರಕ್ತದೊತ್ತಡ ನೋಡುತ್ತಿರುವುದು, ರಕ್ತಸ್ರಾವವಾದರೆ ತಕ್ಷಣ ಗಮನಿಸುವುದು, ಚಿಕಿತ್ಸೆ ಎಂದರೆ ಇದೇ. ನೂರರಲ್ಲಿ ಮೂರರಿಂದ ಐದು ಮಂದಿ ಸಾಯುವ ಕಾಯಿಲೆ ಇದು, ಬೇಗ ಬಂದವರಿಗೆ ಅವಕಾಶ ಹೆಚ್ಚು. ಸೊಸೆ ಬೆಂಗಳೂರಿನಿಂದ ಫೋನ್ ಮಾಡಿ, ಮಾವನವರನ್ನು ನೋಡಲು ಮಕ್ಕಳನ್ನು ಕರೆತರಬಹುದೇ, ಅಂಟುತ್ತದೆಯೇ ಎಂದು ಕೇಳಿದಳು. ಮನುಷ್ಯನಿಂದ ಮನುಷ್ಯನಿಗೆ ಈ ಕಾಯಿಲೆ ಹರಡುವುದಿಲ್ಲ. ಒಂಬತ್ತು ದಿನಕ್ಕೆ ಅಪ್ಪ ಮನೆಗೆ ಬಂದರು, ನಡೆದರೆ ಕಾಲು ನಡುಗುತ್ತಿತ್ತು.

ಮನೆಗೆ ಬಂದ ಮೇಲೆ

ಜ್ವರ ಬಿಟ್ಟಿತೆಂದು ಕಡತ ಮುಚ್ಚುವಂತಿಲ್ಲ. ಹತ್ತರಲ್ಲಿ ಒಬ್ಬಿಬ್ಬರಿಗೆ, ಒಂದೆರಡು ವಾರ ನೆಮ್ಮದಿಯಾಗಿದ್ದ ಮೇಲೆ, ಜ್ವರ ಮರಳುತ್ತದೆ; ಈ ಬಾರಿ ತೀವ್ರ ತಲೆನೋವು, ಕತ್ತು ಬಿಗಿಯುವುದು, ನಡುಕ, ಮಂಜುಗಣ್ಣು, ಮಾತಿನಲ್ಲಿ ಗೊಂದಲ ಇದ್ದರೆ ಮಿದುಳಿಗೆ ತಾಗಿದೆ ಎಂದು ತಿಳಿದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಮ್ಮ ಕ್ಯಾಲೆಂಡರಿನ ಮೇಲೆ ಮೂರು ವಾರ ಗೀಟು ಹಾಕಿ ಬೆಳಿಗ್ಗೆ, ಸಂಜೆ ಜ್ವರ ನೋಡಿದರು. ಎರಡನೆಯ ಸುತ್ತು ಬರಲಿಲ್ಲ. ಆಯಾಸ ಮಾತ್ರ ಯುಗಾದಿ ಕಳೆದರೂ ಬಿಡಲಿಲ್ಲ.

ದನಗಳ ವಿಚಾರ ಬಂದಿತು. ದನದಿಂದ ಮನುಷ್ಯನಿಗೆ ನೇರವಾಗಿ ವೈರಸ್ ಬರುವುದಿಲ್ಲ. ಆದರೆ ಕಾಡಿನಲ್ಲಿ ಮೇಯುವ ದನ ದೊಡ್ಡ ಉಣುಗುಗಳಿಗೆ ರಕ್ತ ಕೊಟ್ಟು ಅವುಗಳ ಸಂತತಿ ಬೆಳೆಸುತ್ತದೆ, ಜೊತೆಗೆ ಮನೆಯ ಅಂಗಳಕ್ಕೂ ತಂದು ಉದುರಿಸುತ್ತದೆ. ಪಶುವೈದ್ಯರು ಬೆನ್ನ ಮೇಲೆ ಸುರಿಯುವ ಫ್ಲುಮೆಥ್ರಿನ್ ಕೊಟ್ಟು, ಎಷ್ಟು ದಿನಕ್ಕೊಮ್ಮೆ ಎಂದು ಬರೆದುಕೊಟ್ಟರು. ಬೆಟ್ಟದ ದಿಕ್ಕಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಎಳೆದು ಹೂಳಲು ಮುಂದಾಗದೆ ಪಂಚಾಯಿತಿಗೆ ತಿಳಿಸಬೇಕೆಂದೂ ಹೇಳಿದರು. ಮಂಗ ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿದ್ದ ಉಣುಗುಗಳೆಲ್ಲ ಇಳಿದು ಅದೇ ಜಾಗದಲ್ಲಿ ಮುಂದಿನ ಪ್ರಾಣಿಗೆ ಕಾಯುತ್ತವೆ.

ಕೊನೆಗೆ ಅಮ್ಮ ಕೇಳಿದ ಪ್ರಶ್ನೆಗೆ ಯಾವ ಭಿತ್ತಿಪತ್ರದಲ್ಲೂ ಉತ್ತರವಿರಲಿಲ್ಲ: “ಅಷ್ಟು ಕಷ್ಟಪಟ್ಟು ತಂದ ದರಕನ್ನು ಏನು ಮಾಡುವುದು?” ರಾಶಿ ಕೊಟ್ಟಿಗೆಗೂ ಬಚ್ಚಲಿಗೂ ನಡುವೆ ಇತ್ತು. ಮನೆಯ ಆವರಣದಲ್ಲಿ ದರಕಿನ ರಾಶಿ ಇರುವುದು ಸೋಂಕಿನ ಅಪಾಯ ಹೆಚ್ಚಿಸುವ ಸಂಗತಿಗಳಲ್ಲಿ ಒಂದು. ಎಸೆಯಲು ಮನಸ್ಸು ಬಾರದು, ಸುಡುವುದಂತೂ ತೋಟದವರಿಗೆ ಆಗದ ಮಾತು. ಆಶಾ ಕಾರ್ಯಕರ್ತೆಯೂ ಪಶುವೈದ್ಯರೂ ಸೇರಿ ಒಂದು ದಾರಿ ಹೇಳಿದರು. ಉಣುಗಿಗೆ ತೇವ ಬೇಕು, ಒಣಹವೆಯಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ಆದ್ದರಿಂದ ರಾಶಿಯನ್ನು ಮನೆಯಿಂದ ದೂರ, ಮಕ್ಕಳೂ ನಾಯಿಯೂ ಓಡಾಡದ ಕಡೆ, ನೆರಳಿಲ್ಲದ ಅಂಗಳದಲ್ಲಿ ತೆಳುವಾಗಿ ಹರಡಿ ಕೆಲವು ದಿನ ಬಿಸಿಲಿಗೆ ಬಿಡಬೇಕು. ಕೊಟ್ಟಿಗೆಗೆ ಒಯ್ಯುವಾಗ ಗಮ್‌ಬೂಟು ತೊಟ್ಟು, ಎಣ್ಣೆ ಹಚ್ಚಿಕೊಂಡು, ಆ ದಿನಕ್ಕೆ ಬೇಕಾದಷ್ಟನ್ನೇ ಒಯ್ಯಬೇಕು.

ದೂರದ ಕಣದಿಂದ ಕೊಟ್ಟಿಗೆಯ ತನಕ ದಿನವೂ ಹೊರುವವರು ಯಾರು ಎಂದು ಅಮ್ಮ ಕೇಳಿದರು. ಯಜಮಾನರಿಗೆ ಈ ವರ್ಷ ಅದು ಆಗುವ ಕೆಲಸವಲ್ಲ. ಮಗ ಸಾಗರದ ಪೇಟೆಯಲ್ಲಿ ಒಂದು ಕೈಗಾಡಿ ಕೊಂಡು ಆಟೊದಲ್ಲಿ ಹಾಕಿಸಿ ಕಳುಹಿಸಿದ, ಅದರ ಜೊತೆ ಒಂದು ಚೂಪು ತುದಿಯ ಚಿಮುಟವನ್ನೂ ಎರಡು ಜೊತೆ ಗಮ್‌ಬೂಟನ್ನೂ.